ಕತ್ತರಿ ಯಾರ ಕೈಯಲ್ಲಿ?

1992ರ ಬೇಸಿಗೆ. ಫಿಲಂ ಶಾಲೆಯಲ್ಲಿ ಸಂಕಲನದ ಮೂರು ವರ್ಷದ ಓದು ಮುಗಿಸಿ ಊರಿಗೆ ಬಂದಿದ್ದೆ. ನಮ್ಮಪ್ಪ ಜಗಲಿ ಮೇಲೆ ಕೂತು ಬೀಡಿ ಹಚ್ಚುತ್ತಾ ಕೇಳಿದ: 'ಅಷ್ಟು ದೂರ ಹೋಗಿ ಅದೇನೋ ಓದ್ಕಂಡು ಬಂದೆಯಲ್ಲ, ಅದ್ರಲ್ಲಿ ಕೆಲಸ ಅಂದ್ರೆ ಏನು?'

ಎಡಿಟಿಂಗ್ ಅಂದೆ. ಅರ್ಥವಾಗಲಿಲ್ಲ. ಸಂಕಲನ ಅಂದೆ. ಅದು ಮೊದಲೇ ಅರ್ಥವಾಗಲಿಲ್ಲ. ಕೊನೆಗೆ 'ಸಿನಿಮಾನ ಕತ್ತರಿಸಿ ಅಂಟಿಸೋದು' ಅಂದೆ. ಅಪ್ಪ ನಕ್ಕ. 'ಕತ್ತರಿಸಿ ಅಂಟಿಸೋಕೆ ಮೂರು ವರ್ಷ ಬೇಕಾಯ್ತಾ? ನಿಮ್ಮ ತಾತ ಸಾಯೋಗಂಟ ಅದನ್ನೇ ಮಾಡಿದ. ಯಾವ ಸರ್ಟಿಫಿಕೇಟೂ ಕೊಡಲಿಲ್ಲ ಅವನಿಗೆ.'

ಆಗ ಅದು ತಮಾಷೆಯ ಮಾತು ಅನ್ನಿಸಿತ್ತು. ಮೂವತ್ತು ವರ್ಷ ಆ ಕೆಲಸ ಮಾಡಿದ ಮೇಲೆ, ಅಪ್ಪ ಅವತ್ತು ಆಡಿದ್ದು ಚರಿತ್ರೆಯ ಮಾತು ಅನ್ನಿಸುತ್ತಿದೆ. ದಲಿತ ವಿಮರ್ಶೆಯ ಈ ವಿಶೇಷ ಸಂಚಿಕೆಗೆ ಸಿನಿಮಾದ ಬಗ್ಗೆ ಬರೆಯಿರಿ ಅಂತ ಗೆಳೆಯರು ಕೇಳಿದಾಗ, ತೆರೆಯ ಮೇಲೆ ದಲಿತ ಹೇಗೆ ಕಾಣುತ್ತಾನೆ ಎಂಬುದನ್ನು ಬರೆಯುತ್ತಾನೆ ಅಂತ ಅವರು ಅಂದುಕೊಂಡಿರಬೇಕು. ಅದನ್ನು ಬೇರೆಯವರು ಚೆನ್ನಾಗಿಯೇ ಬರೆದಿದ್ದಾರೆ. ನಾನು ಬರೆಯಬೇಕಾದದ್ದು ತೆರೆಯ ಹಿಂದಿನ ಒಂದು ಸಣ್ಣ ಕತ್ತಲೆ ಕೋಣೆಯದು. ಆ ಕೋಣೆಗೆ ನಾನು ಹೇಗೆ ಹೋದೆ, ಹೋಗಿ ಮೊದಲು ಏನನ್ನು ಕತ್ತರಿಸಿದೆ ಎಂಬುದರದು.

ತಾತನ ಕೆಲಸ ಏನೆಂದು ಹೇಳಬೇಕು. ಊರಿನ ಬಾವಿಗಳಿಗೆಲ್ಲ ಕಪಿಲೆಯ ಚರ್ಮದ ಬಾನಿ ಹೊಲಿದುಕೊಡುತ್ತಿದ್ದವನು ಅವನು. ಸತ್ತ ದನ ಹೊತ್ತು ತರೋದು, ಸುಲಿಯೋದು, ಚರ್ಮವನ್ನು ಸುಣ್ಣದ ಗುಂಡಿಗೆ ಹಾಕೋದು, ಕೂದಲು ಹೆರೆಯೋದು, ತಂಗಡಿ ಚಕ್ಕೆಯ ನೀರಲ್ಲಿ ನೆನೆಸೋದು, ಆಮೇಲೆ ರಂಪಿಗೆ ಹಿಡಿದು ಅಳತೆಗೆ ಕತ್ತರಿಸಿ ಹೊಲಿಯೋದು. ಆ ಬಾನಿಯ ನೀರು ಕುಡಿದು ಊರಿನ ಗದ್ದೆ ಹಸಿರಾಗುತ್ತಿತ್ತು. ಆ ಬಾವಿಯನ್ನು ಮಾತ್ರ ತಾತ ಮುಟ್ಟುವಂತಿರಲಿಲ್ಲ. ಪಂಪ್‌ಸೆಟ್ಟು ಬಂದ ಮೇಲೆ ಬಾನಿ ಹೋಯಿತು, ಕೆಲಸ ಹೋಯಿತು, ಮುಟ್ಟುವಂತಿಲ್ಲ ಅನ್ನೋದು ಉಳಿಯಿತು.

ಈಗ ಸಿನಿಮಾ ರೀಲಿನ ವಿಷಯಕ್ಕೆ ಬರೋಣ. ಫಿಲಂ ಶಾಲೆಯಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠಗಳಲ್ಲಿ ಒಂದು, ಫಿಲಂ ಅಂದರೆ ಏನು ಎಂಬುದು. ಪಾರದರ್ಶಕವಾದ ಒಂದು ಪಟ್ಟಿ. ಅದರ ಮೇಲೆ ತೆಳ್ಳಗೆ ಬಳಿದ ಒಂದು ಲೇಪ. ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣದ ಕಣಗಳನ್ನು ಆ ಲೇಪ ಹಿಡಿದಿಟ್ಟುಕೊಂಡಿರುತ್ತದೆ. ಹಿಡಿದಿಡುವ ವಸ್ತುವಿನ ಹೆಸರು ಜೆಲಟಿನ್. ಮೇಷ್ಟ್ರು ಬೆಳ್ಳಿಯ ಬಗ್ಗೆ ಎರಡು ತರಗತಿ ಮಾತಾಡಿದರು. ಜೆಲಟಿನ್ ಬಗ್ಗೆ ಒಂದೇ ಸಾಲು. ಅದು ಎಲ್ಲಿಂದ ಬರುತ್ತದೆ ಅಂತ ನಾನು ಕೇಳಿದೆ. 'ದನದ ಮೂಳೆ, ಚರ್ಮ ಬೇಯಿಸಿ ತೆಗೀತಾರೆ' ಅಂತ ಹೇಳಿ ಮುಂದಿನ ಪಾಠಕ್ಕೆ ಹೋದರು. ತರಗತಿಯಲ್ಲಿ ಇಬ್ಬರು ಮೂಗು ಮುಚ್ಚಿಕೊಂಡು ನಕ್ಕರು. ನಾನು ನಗಲಿಲ್ಲ. ನಮ್ಮ ಹಟ್ಟಿಯ ವಾಸನೆ ಅಷ್ಟು ದೂರಕ್ಕೆ ನನ್ನ ಹಿಂದೆಯೇ ಬಂದಿತ್ತು.

ಆಮೇಲೆ ಗ್ರಂಥಾಲಯದಲ್ಲಿ ಹುಡುಕಿ ಓದಿದೆ. ಜಗತ್ತಿಗೆಲ್ಲ ಫಿಲಂ ಒದಗಿಸಿದ ಕೊಡಕ್ ಕಂಪನಿಗೆ ಅಮೆರಿಕದ ಮ್ಯಾಸಚೂಸೆಟ್ಸಿನ ಪೀಬಡಿ ಎಂಬ ಊರಲ್ಲಿ ಜೆಲಟಿನ್ ಕಾರ್ಖಾನೆ ಇತ್ತು. ಪೀಬಡಿ ಅಂದರೆ ಚರ್ಮ ಹದ ಮಾಡುವವರ ಊರು. 1920ರ ದಶಕದಲ್ಲಿ ಕೊಡಕ್‌ನ ವಿಜ್ಞಾನಿ ಸ್ಯಾಮುಯೆಲ್ ಶೆಪರ್ಡ್ ಒಂದು ವಿಚಿತ್ರ ಕಂಡುಹಿಡಿದ. ಕೆಲವು ಜೆಲಟಿನ್‌ನಿಂದ ಮಾಡಿದ ಫಿಲಂ ಬೆಳಕನ್ನು ಚೆನ್ನಾಗಿ ಹಿಡಿಯುತ್ತದೆ, ಕೆಲವು ಹಿಡಿಯುವುದಿಲ್ಲ. ಕಾರಣ, ಆ ದನ ತಿಂದ ಮೇವು. ಸಾಸಿವೆಯಂಥ ಗಿಡಗಳಲ್ಲಿರುವ ಗಂಧಕದ ಅಂಶ ದನದ ಮೈಗೆ ಸೇರಿ, ಜೆಲಟಿನ್‌ಗೆ ಇಳಿದು, ಫಿಲಂನ ಕಣ್ಣನ್ನು ಚುರುಕು ಮಾಡುತ್ತಿತ್ತು. ಅಂದರೆ ದನ ಏನು ಮೇಯಿತು ಎಂಬುದರ ಮೇಲೆ ನಾಯಕಿಯ ಮುಖ ಎಷ್ಟು ಹೊಳೆಯುತ್ತದೆ ಎಂಬುದು ನಿಂತಿತ್ತು! ನಮ್ಮ ದೇಶದ ಮಟ್ಟಿಗೆ, ಸತ್ತ ದನದ ಮೂಳೆ ಆಯ್ದು ಮಾರಿದವರು ಯಾರು, ಚರ್ಮ ಸುಲಿದವರು ಯಾರು ಅಂತ ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಭಾರತ ಸರ್ಕಾರ ಊಟಿಯಲ್ಲಿ ಹಿಂದೂಸ್ಥಾನ್ ಫೋಟೋ ಫಿಲಂಸ್ ಕಾರ್ಖಾನೆ ಸ್ಥಾಪಿಸಿದ್ದು 1960ರಲ್ಲಿ. 'ಇಂದು' ಹೆಸರಿನ ಅದರ ಫಿಲಂ ಮೇಲೂ ಇದೇ ಲೇಪ. ದೇವರ ಸಿನಿಮಾವಾಗಲಿ, ಮಡಿವಂತರ ಸಿನಿಮಾವಾಗಲಿ, ನೂರು ವರ್ಷ ಕಾಲ ಎಲ್ಲವೂ ಮೂಡಿದ್ದು ಮೂಳೆ ಚರ್ಮದ ಅಂಟಿನ ಮೇಲೆ. ಗರ್ಭಗುಡಿಯೊಳಗೆ ನಾವು ಹೋಗಲಾಗಲಿಲ್ಲ. ಗರ್ಭಗುಡಿ ಮಾತ್ರ ನಾವು ಸುಲಿದದ್ದರ ಮೇಲೆಯೇ ಮೂಡಿತು.

ಇದು ಬರೀ ಚಮತ್ಕಾರದ ಮಾತಾಗಬಾರದು. ಕೆಲಸದ ಚರಿತ್ರೆಯನ್ನೂ ನೋಡಬೇಕು. ಸಿನಿಮಾ ಹುಟ್ಟಿದ ಕಾಲಕ್ಕೆ ಕತ್ತರಿಸಿ ಅಂಟಿಸುವುದು ಕಲೆ ಆಗಿರಲಿಲ್ಲ, ಕೂಲಿ ಆಗಿತ್ತು. ಹಾಲಿವುಡ್‌ನಲ್ಲಿ ಅದನ್ನು ಬಟ್ಟೆ ಹೊಲಿಯುವಂಥ ಕೆಲಸ ಅಂತ ತಿಳಿದು ಬಹಳಷ್ಟು ಹೆಂಗಸರಿಗೆ ಬಿಟ್ಟಿದ್ದರು. ಮಾರ್ಗರೆಟ್ ಬೂತ್ ಎಂಬ ಹುಡುಗಿ 1915ರಲ್ಲಿ ಗ್ರಿಫಿತ್ ಬಳಿ ತುಂಡು ಜೋಡಿಸುವ ಕೆಲಸಕ್ಕೆ ಸೇರಿದಳು. ಮುಂದೆ ಎಂ.ಜಿ.ಎಂ. ಸ್ಟುಡಿಯೋದ ಸಂಕಲನ ವಿಭಾಗಕ್ಕೇ ಮುಖ್ಯಸ್ಥೆಯಾದಳು. ಸಂಕಲನಕ್ಕೆ ಆಸ್ಕರ್ ಕೊಡಲು ಶುರುಮಾಡಿದ್ದು 1934ರ ಚಿತ್ರಗಳಿಂದ. ಬೂತ್‌ಗೆ ಗೌರವ ಆಸ್ಕರ್ ಸಿಕ್ಕಿದ್ದು 1978ರಲ್ಲಿ. ನಮ್ಮಲ್ಲಿ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' 1913ರದು. ಫಿಲಂಗೆ ತೂತು ಹೊಡೆಯೋದು, ತೊಳೆಯೋದು, ಒಣಗಿಸೋದು, ಇಂಥ ಕೆಲಸದಲ್ಲೆಲ್ಲ ಅವರ ಹೆಂಡತಿ ಸರಸ್ವತೀಬಾಯಿ ರಾತ್ರಿಯಿಡೀ ದುಡಿದರು. ಜೊತೆಗೆ ಚಿತ್ರತಂಡಕ್ಕೆಲ್ಲ ಅಡಿಗೆ. ಪಿತಾಮಹ ಅನ್ನುವ ಬಿರುದು ಒಬ್ಬರಿಗೇ ಬಂತು.

ಕೊಲ್ಹಾಪುರದ ಕಥೆ ಇನ್ನೂ ಮುಖ್ಯ. ಅಲ್ಲಿ ಮಹಾರಾಷ್ಟ್ರ ಫಿಲಂ ಕಂಪನಿ ಕಟ್ಟಿದ ಬಾಬೂರಾವ್ ಪೇಂಟರ್ ಅವರ ಮನೆತನದ ಹೆಸರು ಮೇಸ್ತ್ರಿ. ಮರಗೆಲಸ, ಚಿತ್ರಕೆಲಸ ಬಲ್ಲ ಕೈ. ಕ್ಯಾಮರಾ ಕೊಳ್ಳಲು ಆಗದೆ ತಾವೇ ಕೂತು ಕ್ಯಾಮರಾ ಮಾಡಿಕೊಂಡವರು. ಅವರ ಕೈಕೆಳಗೆ ಕಲಿತ ಶಾಂತಾರಾಮ್, ದಾಮ್ಲೆ, ಫತ್ತೇಲಾಲ್, ಧಾಯ್ಬರ್ ಸೇರಿ 1929ರಲ್ಲಿ ಪ್ರಭಾತ್ ಕಂಪನಿ ಕಟ್ಟಿದರು. ಕಂಪನಿ 1933ರಲ್ಲಿ ಪುಣೆಗೆ ಹೋಯಿತು. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ' ಚಿತ್ರೀಕರಣವಾದದ್ದೂ ಕೊಲ್ಹಾಪುರದ ಸ್ಟುಡಿಯೋದಲ್ಲೇ. ಇವರಾರಿಗೂ ಸಿನಿಮಾದ ಪದವಿ ಇರಲಿಲ್ಲ. ಕೈ ನೋಡಿ ಕೈ ಕಲಿಯುತ್ತಿದ್ದ ಕಾಲ. ಪ್ರಭಾತ್ ಮುಚ್ಚಿದ ಮೇಲೆ ಅದೇ ಆವರಣದಲ್ಲಿ 1960ರಲ್ಲಿ ಸರ್ಕಾರ ಫಿಲಂ ಇನ್‌ಸ್ಟಿಟ್ಯೂಟ್ ತೆರೆಯಿತು. ಅಲ್ಲಿಂದ ಕತ್ತರಿಸೋದಕ್ಕೆ ಪ್ರವೇಶ ಪರೀಕ್ಷೆ ಬಂತು, ಸಿದ್ಧಾಂತ ಬಂತು, ಡಿಪ್ಲೊಮಾ ಬಂತು.

ಇದರಲ್ಲಿ ಎರಡು ಮುಖ ಇವೆ. ಶಾಲೆ ಆದದ್ದರಿಂದ ಮೀಸಲಾತಿ ಬಂತು. ಮೀಸಲಾತಿ ಬಂದದ್ದರಿಂದ ನನ್ನಂಥವನು ಆ ಮೇಜಿನ ಮುಂದೆ ಕೂತ. ಮೇಸ್ತ್ರಿಯ ಮಗ ಮೇಸ್ತ್ರಿ ಅನ್ನುವ ವ್ಯವಸ್ಥೆಯೇ ಉಳಿದಿದ್ದರೆ ನನಗೆ ಅಲ್ಲಿ ಕಸ ಗುಡಿಸುವ ಕೆಲಸವೂ ಸಿಗುತ್ತಿತ್ತೋ ಇಲ್ಲವೋ. ಆದರೆ ಕೈಗೆಲಸ ವಿದ್ಯೆಯಾಗಿ ಏರಿದಾಗ ಅದನ್ನು ಮಾಡುತ್ತಿದ್ದ ಕೈಗಳು ಕೆಳಗೇ ಉಳಿದವು. ಹೆಂಗಸರ ಕೈ, ಮೇಸ್ತ್ರಿಯ ಕೈ, ಮೂಳೆ ಆಯ್ದವನ ಕೈ. ದಲಿತ ವಿಮರ್ಶೆ ಈ ಎರಡನ್ನೂ ಒಟ್ಟಿಗೇ ಹಿಡಿಯಬೇಕು.

ಶಾಲೆಯಿಂದ ಹೊರಗೆ ಬಿದ್ದ ಮೇಲೆ ತಿಳಿದ ಮೊದಲ ಸತ್ಯ: ಸೀಟಿಗೆ ಮೀಸಲಾತಿ ಇದೆ, ಫೋನಿಗೆ ಇಲ್ಲ.

ಫ್ರೀಲಾನ್ಸ್ ಅಂತ ಒಂದು ಮಾತಿದೆ. ವಾಲ್ಟರ್ ಸ್ಕಾಟ್ ತನ್ನ 'ಐವನ್‌ಹೋ' ಕಾದಂಬರಿಯಲ್ಲಿ ಬಳಸಿದ ಮಾತು. ಯಾವ ಒಡೆಯನಿಗೂ ಕಟ್ಟುಬೀಳದ, ಕಾಸು ಕೊಟ್ಟವನ ಪರ ಹೋರಾಡುವ ಈಟಿಗಾರ ಅಂತ ಅರ್ಥ. ಕೇಳಿದಾಗ ನನಗೆ ಖುಷಿಯಾಗಿತ್ತು. ನಮ್ಮ ಚಿಕ್ಕಪ್ಪ ಜೀತಕ್ಕಿದ್ದವನು. 1976ರ ಜೀತ ರದ್ದತಿ ಕಾಯ್ದೆ ಬಂದ ಮೇಲೂ ನಾಲ್ಕು ವರ್ಷ ಗೌಡರ ಕೊಟ್ಟಿಗೆಯಲ್ಲೇ ಇದ್ದ. ಒಡೆಯನಿಲ್ಲದ ಕೆಲಸ ಅಂದರೆ ನಮ್ಮಂಥವರಿಗೆ ಸ್ವರ್ಗವೇ ಅಲ್ಲವೇ?

ಬೆಂಗಳೂರಿಗೆ ಬಂದು ಆರು ತಿಂಗಳಲ್ಲಿ ಗೊತ್ತಾಯಿತು, ಇದು ಜೀತ ಅಲ್ಲ, ಆಯ. ತಾತ ಊರಿನ ಎಲ್ಲ ಮನೆಗೂ ದುಡಿಯುತ್ತಿದ್ದ, ಯಾರ ಮನೆಯವನೂ ಆಗಿರಲಿಲ್ಲ. ಸುಗ್ಗಿ ಬಂದಾಗ ಕಣದ ಅಂಚಲ್ಲಿ ನಿಲ್ಲಬೇಕು. ನೆನಪಾದವರು ಮೊರದಲ್ಲಿ ರಾಗಿ ಹಾಕುತ್ತಾರೆ. ಮಳೆ ಹೋದರೆ ಆಯವೂ ಹೋಯಿತು. ನಾನೂ ಹಾಗೇ. ಚಿತ್ರ ಬಿಡುಗಡೆ ಆಗಲಿ ನೋಡೋಣ, ಮುಂದಿನ ಚಿತ್ರದಲ್ಲಿ ಸೇರಿಸಿ ಕೊಡೋಣ, ಇದು ನಿನಗೂ ಒಂದು ಅವಕಾಶ ಅಲ್ವಾ. ಕಣದ ಅಂಚಿನ ಮಾತುಗಳೇ, ಪ್ಯಾಂಟು ಹಾಕಿಕೊಂಡು ಬಂದಿದ್ದವು.

ಕನ್ನಡ ಚಿತ್ರಗಳ ಕೆಲಸ ಬಹುಕಾಲ ನಡೆದದ್ದು ಮದರಾಸಿನ ಸ್ಟುಡಿಯೋಗಳಲ್ಲಿ. ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೋ ಇತ್ತು, 1966ರಲ್ಲಿ ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ ಬಂತು. ಆದರೂ ಚಿತ್ರೀಕರಣದ ನಂತರದ ಕೆಲಸ ಬೆಂಗಳೂರಿಗೆ ಬಂದದ್ದು ನಿಧಾನವಾಗಿ. ನಾನು ಬಂದ ಹೊತ್ತಿಗೆ ಇಲ್ಲಿನ ಸಂಕಲನದ ಕೋಣೆಗಳಲ್ಲಿ ಮದರಾಸಿನಲ್ಲಿ ಪಳಗಿದವರಿದ್ದರು, ಅವರ ತಮ್ಮಂದಿರು, ಭಾವಮೈದುನಂದಿರು ಇದ್ದರು. ಕೆಲಸಕ್ಕೆ ಜಾಹೀರಾತು ಇಲ್ಲ, ಅರ್ಜಿ ಇಲ್ಲ, ಸಂದರ್ಶನ ಇಲ್ಲ. 'ನಮ್ಮ ಹುಡುಗ ಒಬ್ಬ ಇದಾನೆ' ಅಂತ ಯಾರೋ ಫೋನಲ್ಲಿ ಹೇಳಬೇಕು. ನಮ್ಮ ಅನ್ನುವ ಆ ಮಾತಲ್ಲಿ ಎಲ್ಲ ಇತ್ತು. ನನ್ನ ಹಿಂದೆ ಹಾಗೆ ಹೇಳುವವರು ಯಾರೂ ಇರಲಿಲ್ಲ. ನಮ್ಮವರು ಆಫೀಸಿನಲ್ಲಿ ಗುಮಾಸ್ತರಾಗಿದ್ದರು, ಶಾಲೆಯಲ್ಲಿ ಮೇಷ್ಟ್ರಾಗಿದ್ದರು, ಸಂಘಟನೆಯಲ್ಲಿ ನಾಯಕರಾಗಿದ್ದರು. ಎಡಿಟಿಂಗ್ ಟೇಬಲ್ಲಿಗೆ ಫೋನು ಮಾಡುವ ನಮ್ಮವನು ಒಬ್ಬನೂ ಇರಲಿಲ್ಲ.

ಹೆಸರು ಕೇಳುತ್ತಿದ್ದರು. ಹೇಳುತ್ತಿದ್ದೆ. 'ಪೂರ್ತಿ ಹೆಸರು?' ಅದನ್ನೂ ಹೇಳುತ್ತಿದ್ದೆ. 'ಯಾವ ಕಡೆಯವರು?' ಜಿಲ್ಲೆ ಹೇಳುತ್ತಿದ್ದೆ. 'ಅದಲ್ಲ...' ಅಂತ ಮಾತು ಅಲ್ಲೇ ನಿಲ್ಲುತ್ತಿತ್ತು. ಆ ಮೂರು ಚುಕ್ಕಿಯಲ್ಲಿ ಎಷ್ಟು ಕೆಲಸ ಹೋಯಿತೋ ಲೆಕ್ಕ ಇಟ್ಟಿಲ್ಲ.

ಹೊಟ್ಟೆಪಾಡಿಗೆ ಮೊದಲು ಸಿಕ್ಕಿದ್ದು ಮದುವೆ ವಿಡಿಯೋ. ಧಾರೆ, ಆರತಕ್ಷತೆ, ಊಟದ ಸಾಲು. ಊಟದ ಸಾಲಿನಲ್ಲಿ ಯಾರು ಮುಂದೆ, ಯಾರು ಕೊನೆಗೆ, ಎಲೆ ಎತ್ತುವವರು ಯಾರು ಅಂತ ದಿನಾ ನೋಡುತ್ತಾ ಕೂತಿದ್ದೆ. ಎಲೆ ಎತ್ತುವವರು ಫ್ರೇಮಿನಲ್ಲಿ ಬಂದರೆ ತೆಗೆದುಹಾಕಿ ಅಂತ ಮದುವೆ ಮನೆಯವರ ಆರ್ಡರು. ಸಂಕಲನದ ಮೊದಲ ನಿಯಮ ನಾನು ಕಲಿತದ್ದು ಶಾಲೆಯಲ್ಲಲ್ಲ, ಅಲ್ಲಿ.

ಕೊನೆಗೆ ಒಂದು ಲ್ಯಾಬಿನ ಹಿಂಬದಿಯ ನೆಗೆಟಿವ್ ಕೋಣೆಯಲ್ಲಿ ಸಹಾಯಕನಾದೆ. ಅಲ್ಲಿದ್ದ ಹಿರಿಯರು ಮದರಾಸಿನಲ್ಲಿ ಟೀ ತರುವ ಹುಡುಗನಾಗಿ ಸೇರಿ, ನೋಡಿ ನೋಡಿ ಕಲಿತವರು. ಓದು ಮೂರನೇ ಕ್ಲಾಸು. ಅವರೇ ನನಗೆ ನಿಜವಾದ ಗುರು. ಕೆಲಸ ಹೀಗೆ: 35 ಎಂ.ಎಂ. ಫಿಲಂನಲ್ಲಿ ಅಡಿಗೆ 16 ಚೌಕಟ್ಟು. ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ಅಂದರೆ ನಿಮಿಷಕ್ಕೆ 90 ಅಡಿ. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷ. ಸಂಕಲನಕಾರ ಕತ್ತರಿಸುವುದು ರಶ್ ಪ್ರಿಂಟನ್ನು. ಅದು ಪೂರ್ತಿಯಾದ ಮೇಲೆ ಅಂಚಿನಲ್ಲಿ ಅಚ್ಚಾದ ನಂಬರು ನೋಡಿ, ಅಸಲು ನೆಗೆಟಿವನ್ನು ಅದೇ ಅಳತೆಗೆ ಕತ್ತರಿಸಿ ಜೋಡಿಸಬೇಕು. ಅಲ್ಲಿ ತಪ್ಪಿದರೆ ಮುಗಿಯಿತು, ಎರಡನೇ ನೆಗೆಟಿವ್ ಇಲ್ಲ. ಆ ಹಿರಿಯರು ಬಿಳಿ ನೂಲಿನ ಕೈಗವಸು ಹಾಕಿಕೊಂಡು, ಕೂಡುವ ಜಾಗದಲ್ಲಿ ಫಿಲಂನ ಲೇಪವನ್ನು ಸಣ್ಣ ಅಲಗಿನಿಂದ ಹೆರೆದು, ಸಿಮೆಂಟು ಹಚ್ಚಿ, ಒತ್ತಿ ಹಿಡಿಯುತ್ತಿದ್ದರು. ಹೆರೆಯುವಾಗ ಅವರ ಮಣಿಕಟ್ಟು ತಿರುಗುತ್ತಿದ್ದ ರೀತಿ ನೋಡಿ ಮೊದಲ ದಿನವೇ ನನಗೆ ಮೈ ಜುಮ್ಮೆಂದಿತು. ತಾತ ಕೂದಲು ಹೆರೆಯುತ್ತಿದ್ದದ್ದೂ ಹೀಗೇ. ಹೆಚ್ಚು ಒತ್ತಿದರೆ ಚರ್ಮ ಹರಿಯುತ್ತದೆ, ಕಡಿಮೆ ಒತ್ತಿದರೆ ಅಂಟು ನಿಲ್ಲದು. ಅವರು ಹೆರೆಯುತ್ತಿದ್ದದ್ದೂ ಜೆಲಟಿನ್ನೇ ತಾನೆ?

ಅವರು ಹೇಳಿಕೊಟ್ಟ ಒಂದು ಮಾತು ಇವತ್ತಿಗೂ ನನ್ನ ಧರ್ಮ. 'ಕಟ್ ಮಾಡಿದ್ದನ್ನ ಎಸೀಬೇಡಪ್ಪ. ಚೀಟಿ ಹಾಕಿ ಇಡು. ಬೇಡ ಅಂದಿದ್ದೇ ಒಂದಿನ ಬೇಕಾಗತ್ತೆ.'

ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ.

1993ರ ಕೊನೆಯಲ್ಲಿ ನನಗೆ ಸ್ವತಂತ್ರವಾಗಿ ಸಿಕ್ಕ ಮೊದಲ ಕೆಲಸ ಒಂದು ಇಲಾಖೆಯ ಸಾಕ್ಷ್ಯಚಿತ್ರ. ಕುಡಿಯುವ ನೀರಿನ ಯೋಜನೆಯದು. 16 ಎಂ.ಎಂ. ಫಿಲಂ, ಹದಿನೈದು ನಿಮಿಷ. ತೆಗೆದವರು ಒಬ್ಬ ಖಾಸಗಿ ನಿರ್ಮಾಪಕರು. ರಶಸ್ ನೋಡುತ್ತಾ ಕೂತಿದ್ದಾಗ ಒಂದು ಶಾಟ್ ಬಂತು. ಊರ ನಡುವೆ ಹೊಸ ಬೋರ್‌ವೆಲ್ಲು. ಅದರಿಂದ ಹತ್ತು ಮಾರು ದೂರದಲ್ಲಿ ಒಬ್ಬ ಮುದುಕಿ ಖಾಲಿ ಬಿಂದಿಗೆ ಹಿಡಿದು ನಿಂತಿದ್ದಾಳೆ. ಕ್ಯಾಮರಾದವನು ಯಾಕೋ ಕ್ಯಾಮರಾ ನಿಲ್ಲಿಸಿಲ್ಲ, ಮರೆತಿದ್ದನೋ ಏನೋ. ಒಬ್ಬಳು ಬಂದು ನೀರು ಹೊಡೆದುಕೊಂಡು ಹೋಗುತ್ತಾಳೆ. ಇನ್ನೊಬ್ಬಳು ಬರುತ್ತಾಳೆ, ಹೋಗುತ್ತಾಳೆ. ಮುದುಕಿ ಹೆಜ್ಜೆ ಮುಂದಿಡುವುದಿಲ್ಲ. ಯಾರೂ ಅವಳನ್ನು ತಡೆಯುತ್ತಿಲ್ಲ, ಬಯ್ಯುತ್ತಿಲ್ಲ. ಅವಳು ಬರೀ ಕಾಯುತ್ತಾಳೆ. ಯಾರಾದರೂ ಹೊಡೆದು ಹೊಯ್ಯಬೇಕು. ಕೊನೆಯಲ್ಲಿ ಒಮ್ಮೆ ಕ್ಯಾಮರಾ ಕಡೆ ನೋಡುತ್ತಾಳೆ. ಒಟ್ಟು ನಲವತ್ತು ಸೆಕೆಂಡು. 16 ಎಂ.ಎಂ. ಲೆಕ್ಕದಲ್ಲಿ 24 ಅಡಿ.

ನನಗೆ ಆ ನಿಲುವು ಗೊತ್ತಿತ್ತು. ನಮ್ಮವ್ವ ಹಾಗೇ ನಿಲ್ಲುತ್ತಿದ್ದಳು.

ನಿರ್ಮಾಪಕರು ನೋಡಿ, 'ಇದೇನ್ರಿ ಇಷ್ಟುದ್ದ? ಸತ್ತ ಕಾಲ ಇದು. ಏನೂ ಆಗ್ತಾನೇ ಇಲ್ಲವಲ್ಲ. ಅಜ್ಜಿ ಮುಖ ಚೆನ್ನಾಗಿದೆ, ಮೂರು ಸೆಕೆಂಡು ಇಟ್ಕೊಳ್ಳಿ, ತಕ್ಷಣ ನೀರು ಬೀಳೋ ಕ್ಲೋಸಪ್ಪಿಗೆ ಹೋಗಿ' ಅಂದರು. ಅವರು ಕೆಟ್ಟವರಲ್ಲ. ಸಂಕಲನದ ಪುಸ್ತಕದಲ್ಲಿ ಇರುವುದನ್ನೇ ಹೇಳಿದರು. ಏನೂ ಆಗದ ಕಾಲವನ್ನು ತೆಗೆದುಹಾಕು. ಕುಲೆಶೋವ್ ಎಂಬ ರಷ್ಯನ್ನನ ಪ್ರಯೋಗ ನಮಗೆ ಮೊದಲ ವರ್ಷದಲ್ಲೇ ಪಾಠ. ನಟನ ಒಂದೇ ಮುಖ. ಅದರ ಪಕ್ಕ ಸಾರಿನ ಬಟ್ಟಲು ಇಟ್ಟರೆ ಹಸಿವು ಕಾಣುತ್ತದೆ, ಶವಪೆಟ್ಟಿಗೆ ಇಟ್ಟರೆ ದುಃಖ ಕಾಣುತ್ತದೆ. ಅರ್ಥ ಮುಖದಲ್ಲಿಲ್ಲ, ಜೋಡಣೆಯಲ್ಲಿದೆ. ನಾನು ಆ ಪಾಠವನ್ನು ಒಪ್ಪಿಸಿದೆ. ಮುದುಕಿಯ ಮುಖ ಮೂರು ಸೆಕೆಂಡು. ಬಳಕ್ಕನೆ ಬೀಳುವ ನೀರು. ತುಂಬಿದ ಬಿಂದಿಗೆ. ಮುದುಕಿಯ ಕಣ್ಣಲ್ಲಿ ಸಂತೋಷ ಕಂಡಿತು. ಆ ಬಿಂದಿಗೆ ಅವಳದಲ್ಲ. ಯಾರಿಗೆ ತಾನೆ ತಿಳಿಯಬೇಕು? ಪ್ರದರ್ಶನದ ದಿನ ಅಧಿಕಾರಿಗಳು ಆ ಜಾಗದಲ್ಲೇ ಚಪ್ಪಾಳೆ ತಟ್ಟಿದರು. ನನಗೆ ಸಾವಿರದ ಐನೂರು ರೂಪಾಯಿ ಬಂತು, ಎರಡು ಕಂತಿನಲ್ಲಿ.

ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಮೊದಲ ಕೆಲಸ, ಎರಡು ತಿಂಗಳ ಬಾಡಿಗೆ ಬಾಕಿ, ಇನ್ನೊಂದು ಫೋನು ಬರುತ್ತದೋ ಇಲ್ಲವೋ ಎಂಬ ಭಯ. ಬೇಡ ಅಂದರೆ 'ಓಹೋ, ಇವನು ಆ ಕಡೆಯವನು' ಅಂತ ಗೊತ್ತಾಗುತ್ತದೆ ಎಂಬ ಅಳುಕು ಬೇರೆ. ಜಾತಿ ಮುಚ್ಚಿಡಲು ಹೋದವನು ಜಾತಿಯ ಸಾಕ್ಷಿಯನ್ನೇ ಮುಚ್ಚಿಟ್ಟೆ. ಅದೂ ಅದೇ ವರ್ಷ ಮಾರ್ಚಿಯಲ್ಲಿ ಬದನವಾಳು ನಡೆದಿತ್ತು. ಸಂಘಟನೆಯ ಗೆಳೆಯರ ಜೊತೆ ನಾನೂ ಬೀದಿಯಲ್ಲಿ ಕೂಗಿದ್ದೆ. ಬೀದಿಯಲ್ಲಿ ಕೂಗಿದವನು ಮೇಜಿನ ಮುಂದೆ ಬಾಯಿ ಬಿಡಲಿಲ್ಲ.

ಆಮೇಲೆ ವರ್ಷಗಟ್ಟಲೆ ಇದನ್ನು ಯೋಚಿಸಿದ್ದೇನೆ. ಅಸ್ಪೃಶ್ಯತೆ ಅಂದರೆ ಯಾವಾಗಲೂ ಹೊಡೆತ, ಬೆಂಕಿ, ರಕ್ತ ಅಲ್ಲ. ಬಹುಪಾಲು ಅದು ಕಾಯುವುದು. ಬಾವಿಯ ಹತ್ತಿರ ಕಾಯುವುದು, ಹೋಟೆಲಿನ ಹೊರಗೆ ಲೋಟಕ್ಕೆ ಕಾಯುವುದು, ಕಣದ ಅಂಚಲ್ಲಿ ಕಾಯುವುದು. ಫೋನಿನ ಹತ್ತಿರ ಕಾಯುವುದೂ ಇದೇ ಸಾಲಿನದು. ಅಂದರೆ ಅದಕ್ಕೆ ಅವಧಿ ಇದೆ. ಅವಧಿಯೇ ಸಾಕ್ಷಿ. ಮೂರು ಸೆಕೆಂಡಿನ ಮುದುಕಿ ಯಾವ ಜಾತಿಯವಳೂ ಆಗಬಹುದು. ನಲವತ್ತು ಸೆಕೆಂಡಿನ ಮುದುಕಿ ಯಾರೆಂದು ಕುರುಡನಿಗೂ ಗೊತ್ತಾಗುತ್ತದೆ. ಅವರು ಸತ್ತ ಕಾಲ ಅಂತ ಯಾವುದನ್ನು ಕರೆದರೋ ಅದು ನಮ್ಮವರ ಬದುಕಿದ ಕಾಲ. ಡಾ. ಅಂಬೇಡ್ಕರ್ 1927ರಲ್ಲಿ ಮಹಾಡಿನ ಚವದಾರ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಕುಡಿದದ್ದು ಆ ಕಾಯುವಿಕೆಯನ್ನು ಮುಗಿಸಲಿಕ್ಕೆ. ನಾನೂ ಮುಗಿಸಿದೆ, ಕತ್ತರಿಯಿಂದ, ಸುಳ್ಳಾಗಿ.

ನಮ್ಮ ಸಿನಿಮಾ ವಿಮರ್ಶೆಯ ಕೊರತೆ ನನಗೆ ಕಾಣುವುದು ಇಲ್ಲಿ. ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಬಿ.ವಿ. ಕಾರಂತರು 1975ರಲ್ಲಿ 'ಚೋಮನ ದುಡಿ' ಚಿತ್ರ ಮಾಡಿದರು. ಅದಕ್ಕೆ ಸ್ವರ್ಣಕಮಲ ಬಂತು, ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಚೋಮನನ್ನು ಮೇಲುಜಾತಿಯ ಕರುಣೆಯ ಕಣ್ಣಿಂದ ನೋಡಲಾಗಿದೆಯೇ ಎಂದು ನಾವು ಸರಿಯಾಗಿಯೇ ಕೇಳಿದೆವು. ಆದರೆ ಆ ದುಡಿಯ ಸದ್ದು ಎಷ್ಟು ಹೊತ್ತು ಕೇಳಬೇಕು, ಎಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡಿದ ಮೇಜಿನ ಬಗ್ಗೆ ಕೇಳಲಿಲ್ಲ. ಬ್ರಾಹ್ಮಣ ಅಗ್ರಹಾರವನ್ನು ಒಳಗಿಂದಲೇ ಕೆದಕಿದ 1970ರ 'ಸಂಸ್ಕಾರ'ವನ್ನು ಸೆರೆಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಅದನ್ನು ಸಂಕಲಿಸಿದ ಸ್ಟೀವನ್ ಕಾರ್ಟೊ ಕೂಡ ಪರದೇಶದವರು. ಅಗ್ರಹಾರದೊಳಗೆ ಪರದೇಶದ ಕೈಗಳಿಗೆ ಜಾಗ ಸಿಕ್ಕಿತು. ಪಕ್ಕದ ಕೇರಿಯ ಕೈ ಅಲ್ಲಿಗೆ ಬರುವುದು ಯಾರ ಕಲ್ಪನೆಯಲ್ಲೂ ಇರಲಿಲ್ಲ. ಇದು ಆ ಚಿತ್ರ ಮಾಡಿದವರ ಮೇಲಿನ ದೂರಲ್ಲ, ಕಾಲದ ಲಕ್ಷಣ.

ಸಾಹಿತ್ಯದಲ್ಲಿ ಹೀಗಾಗಲಿಲ್ಲ. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತು, ಅದರ ಗಲಾಟೆ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು'. ಕವಿತೆಗೆ ಒಂದು ಪೆನ್ನು, ಹಾಳೆ ಸಾಕಿತ್ತು. ಪ್ರೆಸ್ಸಿಗೆ ಚಂದಾ ಎತ್ತಬಹುದಿತ್ತು. ಸಿನಿಮಾಕ್ಕೆ ಬಂಡವಾಳ ಬೇಕು, ಲ್ಯಾಬು ಬೇಕು, ಕೋಣೆಯ ಕೀಲಿ ಬೇಕು. ನಮ್ಮ ಕವಿತೆ ಮೊದಲು ಬಂದು ನಮ್ಮ ಸಿನಿಮಾ ನಲವತ್ತು ವರ್ಷ ತಡವಾದದ್ದು ಪ್ರತಿಭೆಯ ಕೊರತೆಯಿಂದಲ್ಲ, ಕೀಲಿಯ ಕೊರತೆಯಿಂದ.

ಸಾಲು ಬದಲಾದರೆ ನ್ಯಾಯವೇ ಬದಲಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. 1997ರ ಜುಲೈ 11ರಂದು ಮುಂಬಯಿಯ ರಮಾಬಾಯಿ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಅವಮಾನವಾದಾಗ ಸೇರಿದ ದಲಿತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹತ್ತು ಜನ ಸತ್ತರು. ಗುಂಪು ಗ್ಯಾಸ್ ಟ್ಯಾಂಕರ್ ಸುಡಲು ಹೊರಟಿತ್ತು, ಅದಕ್ಕೇ ಗುಂಡು ಎಂದರು ಪೊಲೀಸರು. ವಿಚಾರಣಾ ಆಯೋಗ ಆ ಮಾತನ್ನು ಒಪ್ಪಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ? ಅದು ಕೋರ್ಟಿನ ಪ್ರಶ್ನೆಯೂ ಹೌದು, ಸಂಕಲನದ ಪ್ರಶ್ನೆಯೂ ಹೌದು. ಆನಂದ ಪಟವರ್ಧನ್ ಹದಿನಾಲ್ಕು ವರ್ಷ ಅದರ ಹಿಂದೆ ಬಿದ್ದು 2011ರಲ್ಲಿ 'ಜೈ ಭೀಮ್ ಕಾಮ್ರೇಡ್' ಮುಗಿಸಿದರು. ಮೂರು ಗಂಟೆಗೂ ಮೀರಿದ ಚಿತ್ರ. ಉದ್ದ ಆಯಿತು ಅಂದವರಿದ್ದಾರೆ. ಉದ್ದವೇ ಅದರ ವಾದ ಅಂತ ನನಗನ್ನಿಸಿತು. 2013ರಲ್ಲಿ ನಾಗರಾಜ ಮಂಜುಳೆಯವರ 'ಫಂಡ್ರಿ' ಬಂತು. ಕೊನೆಗೆ ಹುಡುಗ ಎಸೆದ ಕಲ್ಲು ನೇರ ನಮ್ಮ ಕಡೆಗೇ ಬರುತ್ತದೆ, ಚಿತ್ರ ಅಲ್ಲಿಗೆ ನಿಲ್ಲುತ್ತದೆ. ಆ ಕಲ್ಲು ಯಾರಿಗೋ ಬಿದ್ದದ್ದನ್ನು ತೋರಿಸಿದ್ದರೆ ನಾವು ಬಚಾವಾಗುತ್ತಿದ್ದೆವು. ಎಲ್ಲಿ ಕತ್ತರಿಸಬೇಕು ಎಂಬುದನ್ನು ಗೊತ್ತಿದ್ದವರು ಕತ್ತರಿಸಿದರು.

ಈಗ ಕಾಲ ಬದಲಾಗಿದೆ. 1989ರಲ್ಲಿ ಏವಿಡ್ ಯಂತ್ರ ಬಂತು, ಆಮೇಲೆ ಲ್ಯಾಪ್‌ಟಾಪು. 2012ರಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿತು. ಊಟಿಯ ಕಾರ್ಖಾನೆ ಮುಚ್ಚಿತು. ಸಂಕಲನಕ್ಕೆ ಈಗ ಮೂಳೆ ಬೇಡ, ಚರ್ಮ ಬೇಡ, ಕತ್ತರಿಯೂ ಬೇಡ. ಕೋಣೆಯ ಕೀಲಿ ಹುಡುಗರ ಜೇಬಿನಲ್ಲೇ ಇದೆ. ಆದರೆ 'ನಮ್ಮ ಹುಡುಗ ಒಬ್ಬ ಇದಾನೆ' ಎಂಬ ಫೋನು ಹಾಗೇ ಇದೆ. ಮೊನ್ನೆ ಶಾಲೆ ಮುಗಿಸಿ ಬಂದ ನಮ್ಮ ಕಡೆಯ ಹುಡುಗರು ಕೇಳಿದರು, ಏನು ಮಾಡಬೇಕು ಸಾರ್ ಅಂತ. ನನಗೆ ಗೊತ್ತಿದ್ದು ಹೇಳಿದೆ. ಮಾತು ಕಾಗದದ ಮೇಲೆ ಬರಲಿ, ದುಡ್ಡಿನ ಮೂರನೇ ಒಂದು ಭಾಗ ಮೊದಲೇ ಬರಲಿ. ಟೈಟಲಿನಲ್ಲಿ ನಿಮ್ಮ ಪೂರ್ತಿ ಹೆಸರು ಇರಲಿ. ಒಬ್ಬರಿಗೆ ಕೆಲಸ ಸಿಕ್ಕರೆ ಇನ್ನೊಬ್ಬರನ್ನು ಸಹಾಯಕರಾಗಿ ಕರೆದುಕೊಳ್ಳಿ. ಫೋನು ಮಾಡುವ ನಮ್ಮವರು ಹುಟ್ಟುವುದು ಹಾಗೆ. ಬೇಡ ಅನ್ನಲು ಆಗದ ದಿನಗಳು ಬರುತ್ತವೆ, ನನಗೂ ಬಂದಿದ್ದವು. ಅವತ್ತು ಕತ್ತರಿಸಿದ್ದನ್ನು ಅಳಿಸಬೇಡಿ, ಇಟ್ಟುಕೊಳ್ಳಿ.

ನಾನು ಇಟ್ಟುಕೊಂಡಿದ್ದೆ. ಗುರುಗಳ ಮಾತಿನಂತೆ ಚೀಟಿ ಹಾಕಿ, ತಗಡಿನ ಡಬ್ಬಿಯಲ್ಲಿ, 22 ಅಡಿ. ಇಷ್ಟು ವರ್ಷದಲ್ಲಿ ಆ ಫಿಲಂ ಮುದುರಿದೆ, ಮುಚ್ಚಳ ತೆಗೆದರೆ ಹುಳಿಹುಳಿ ವಾಸನೆ, ಹಳೆಯ ಫಿಲಂ ಹಾಳಾಗುವಾಗ ಬರುವ ವಾಸನೆ. ನನಗೆ ಅದು ತಾತನ ಗುಂಡಿಯ ವಾಸನೆಯಂತೆಯೇ. ಕಳೆದ ವರ್ಷ ಆ ಹುಡುಗರಲ್ಲೇ ಒಬ್ಬಳು ನೀರಿನ ಬಗ್ಗೆ ಚಿತ್ರ ಮಾಡುತ್ತಿದ್ದಳು. ಡಬ್ಬಿ ಕೊಟ್ಟೆ. ಸ್ಕ್ಯಾನ್ ಮಾಡಿಸಿ ತಂದು ತೋರಿಸಿದಳು. ಕಲೆ ಬಿದ್ದಿತ್ತು, ಅಂಚು ಕರಗಿತ್ತು. ಮುದುಕಿ ನಿಂತೇ ಇದ್ದಳು. 'ಎಲ್ಲಿ ಕಟ್ ಮಾಡ್ತೀಯಮ್ಮ?' ಅಂತ ಕೇಳಿದೆ. 'ಮಾಡಲ್ಲ ಸಾರ್, ಅವಳು ನೋಡೋವರೆಗೂ ಬಿಡ್ತೀನಿ' ಅಂದಳು.